ಹಿಂದೆ ನಿಂತು ಹೇಳುವವರು

"ಬರಲಿ... ಬರಲಿ... ಅಯ್ಯೋ ನಿಲ್ಸಿ, ಕಂಬ!"

ಶವದ ವ್ಯಾನು ಗಕ್ಕನೆ ನಿಂತಿತು. ಗೇಟಿನ ಕಂಬಕ್ಕೂ ಅದರ ಹಿಂಭಾಗಕ್ಕೂ ಒಂದು ಗೇಣು ಉಳಿದಿತ್ತು. ಹಿಂದೆ ನಿಂತು ಕೈ ಬೀಸುತ್ತಿದ್ದ ಪಕ್ಕದ ಮನೆಯ ದರ್ಜಿ ಬೆವರು ಒರೆಸಿಕೊಂಡ. ಬಟ್ಟೆಯ ಅಳತೆ ಅವನ ಕಸುಬು, ವ್ಯಾನಿನ ಅಳತೆ ಮಾತ್ರ ಅವನಿಗೆ ಒಗ್ಗುತ್ತಿರಲಿಲ್ಲ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾರಾದ್ರೂ ಒಬ್ರು ಹೇಳಿ ಸ್ವಾಮಿ. ಒಬ್ಬೊಬ್ರು ಒಂದೊಂದು ಹೇಳಿದ್ರೆ ನಾನು ಯಾರ ಮಾತು ಕೇಳ್ಲಿ?" ಎಂದು ರೇಗಿದ.

ಅಂಗಳದಲ್ಲಿದ್ದವರೆಲ್ಲ ತೀರಿಹೋದ ಕ್ಯಾಪ್ಟನ್ನರ ಮಗಳ ಕಡೆ ನೋಡಿದರು. ಆ ಮನೆಯಲ್ಲಿ ಅದು ಅವಳ ಕೆಲಸವೆಂದು ಇಡೀ ಬೀದಿಗೆ ಗೊತ್ತು. ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿ, ಆಮೇಲೆ ದೊಡ್ಡ ವಿಮಾನಗಳ ಕ್ಯಾಪ್ಟನ್ ಆಗಿದ್ದ ಅವಳ ಅಪ್ಪ, ಹಿಂದೆ ಒಬ್ಬರು ನಿಂತು ಹೇಳದೆ ತಮ್ಮ ಕಾರನ್ನು ಒಂದು ಅಡಿಯೂ ಹಿಂದಕ್ಕೆ ತೆಗೆಯುತ್ತಿರಲಿಲ್ಲ. ಮುನ್ನೂರು ಜನರನ್ನು ಹೊತ್ತು ಹಾರುವ ಮಹಾರಾಯನಿಗೆ ಸ್ವಂತ ಗೇಟು ದಾಟುವುದಕ್ಕೆ ಆಗುವುದಿಲ್ಲವಲ್ಲ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಕ್ಯಾಪ್ಟನ್ನರೂ ಅವರ ಜೊತೆ ಸೇರಿ ನಗುತ್ತಿದ್ದರು. ಹಿಂದೆ ಯಾರಾದರೂ ಬಂದು ನಿಲ್ಲುವ ತನಕ ಗೇರನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಮಗಳು ವ್ಯಾನಿನ ಹಿಂದೆ ಹೋಗಿ ನಿಂತಳು. ಬಾಯಿ ತೆರೆದಳು. ದನಿ ಹೊರಡಲಿಲ್ಲ.

"ಬಾಲ ಸ್ವಲ್ಪ ಎಡಕ್ಕೆ... ಸಾಕು. ಹಿಂದೆ ಖಾಲಿ ಇದೆ. ಬನ್ನಿ... ಬನ್ನಿ... ಬನ್ನಿ..."

ಬೀದಿಯಂಚಿನಲ್ಲಿ ಒಬ್ಬ ಮುದುಕ ನಿಂತಿದ್ದ. ಕಾಲ ಬಳಿ ಪ್ರಯಾಣದ ಚೀಲ, ಕೈಯಲ್ಲಿ ಕೋಲು. ಜೋರಾಗಿ ಹೇಳುತ್ತಿರಲಿಲ್ಲ, ಏರಿಳಿತವಿಲ್ಲದೆ, ನಡುವೆ ಬಿಡುವು ಕೊಡದೆ ಹೇಳುತ್ತಿದ್ದ. ವ್ಯಾನು ಎಲ್ಲೂ ತಾಗದೆ ಒಳಗೆ ಬಂದು ನಿಂತಿತು.

"ಹೇಳೋದು ಅಂದ್ರೆ ಹೀಗೆ ನೋಡಿ," ಎಂದ ಡ್ರೈವರ್. ದರ್ಜಿ ಕೇಳಿಸದವನಂತೆ ಅತ್ತ ತಿರುಗಿದ.

ಬೆಳಗಿನಿಂದ ಕಲ್ಲಿನಂತೆ ಕೂತಿದ್ದ ಕ್ಯಾಪ್ಟನ್ನರ ಹೆಂಡತಿ ಆ ದನಿ ಕೇಳಿ ಎದ್ದು ಬಂದರು. "ಬಂದ್ರಾ ಅಣ್ಣ?" ಎಂದವರೇ ಮುದುಕನ ತೋಳು ಹಿಡಿದು ಅತ್ತುಬಿಟ್ಟರು.

*

ಆ ಮುದುಕನಿಗೆ ಬಾಗಿಲು ಮಾವ ಎಂದು ಹೆಸರಿಟ್ಟವಳು ಮಗಳು, ಚಿಕ್ಕವಳಿದ್ದಾಗ. ಅವಳ ಅಪ್ಪ ಹಾರಿಸುತ್ತಿದ್ದ ಹೆಲಿಕಾಪ್ಟರಿನ ತೆರೆದ ಬಾಗಿಲಲ್ಲಿ ಹೊಟ್ಟೆಯ ಮೇಲೆ ಮಲಗಿ, ತಲೆ ಹೊರಗೆ ಹಾಕಿ, ಕೆಳಗಿನ ನೆಲ ನೋಡಿ ಹೇಳುವುದು ಅವನ ಕೆಲಸ. ಮುಂದೆ ಕೂತ ಪೈಲಟ್‌ಗೆ ಹೆಲಿಕಾಪ್ಟರಿನ ಹೊಟ್ಟೆಯ ಕೆಳಗೇನಿದೆ, ಬಾಲದ ಹಿಂದೇನಿದೆ ಕಾಣುವುದಿಲ್ಲ. ಕಿವಿಯಲ್ಲಿ ಬರುವ ದನಿಯೇ ಅವನ ಕಣ್ಣು.

ಒಂದು ಪ್ರವಾಹದಲ್ಲಿ ಶಾಲೆಯೊಂದರ ಚಾವಣಿಯ ಮೇಲೆ ಜನ ಸಿಕ್ಕಿಬಿದ್ದಿದ್ದರು. ಚಾವಣಿಗೆ ಹೆಲಿಕಾಪ್ಟರಿನ ಭಾರ ತಡೆಯುವ ಶಕ್ತಿಯಿರಲಿಲ್ಲ. ಒಂದು ಚಕ್ರವನ್ನಷ್ಟೇ ಅಂಚಿಗೆ ಸೋಕಿಸಿ, ಉಳಿದ ಭಾರವನ್ನು ಗಾಳಿಯಲ್ಲೇ ಹಿಡಿದಿರಬೇಕು. ಬಾಗಿಲು ಮಾವ ಹೇಳುತ್ತಾ ಹೋದ, ಪೈಲಟ್ ಇಳಿಸುತ್ತಾ ಬಂದರು. ಚಕ್ರ ಸೋಕುವ ಮೊದಲೇ ಮಗು ಕಂಕುಳಲ್ಲಿಟ್ಟುಕೊಂಡ ಒಬ್ಬ ಹೆಂಗಸು ನುಗ್ಗಿ ಬಂದು ಬಾಗಿಲಿಗೆ ಕೈ ಚಾಚಿದಳು. ಅವಳನ್ನು ಸೆಳೆದುಕೊಳ್ಳುವ ಗಡಿಬಿಡಿಯಲ್ಲಿ ಮಾವನ ಮಾತನ್ನು ಪೈಲಟ್‌ಗೆ ಮುಟ್ಟಿಸುವ ತಂತಿ ಕಿತ್ತು ಬಂತು. ದನಿ ನಿಂತಿತು.

ಹೆಲಿಕಾಪ್ಟರೂ ನಿಂತಿತು. ಮೇಲಕ್ಕೇರಲಿಲ್ಲ, ಕೆಳಗಿಳಿಯಲಿಲ್ಲ. ಹೆಂಗಸು, ಮಗು ಒಳಗೆ ಬಂದು, ಮಾವ ತಡಕಾಡಿ ತಂತಿ ಸಿಕ್ಕಿಸಿ ಮತ್ತೆ "ಬನ್ನಿ" ಎನ್ನುವ ತನಕ ಅದು ಅಲ್ಲೇ ನಡುಗುತ್ತಾ ನಿಂತಿತ್ತು.

"ಮೇಲಕ್ಕೆ ಎತ್ತಿಬಿಡ್ತೀರಿ ಅಂತ ಜೀವ ಬಾಯಿಗೆ ಬಂದಿತ್ತು ಸಾಹೇಬ್ರೆ," ಎಂದಿದ್ದ ಮಾವ, ಆಮೇಲೆ.

"ಕೆಳಗೆ ನೀವು ಯಾರ ಕೈ ಹಿಡ್ಕೊಂಡಿದ್ರೋ ನಂಗೇನು ಗೊತ್ತು? ನಿಮ್ಮ ದನಿ ನಿಂತ್ರೆ ನಾನೂ ನಿಲ್ತೀನಿ, ಅಷ್ಟೇ."

*

ಒಳಗೆ ಕೂತವರ ನಡುವೆ ಕ್ಯಾಪ್ಟನ್ನರ ಜೊತೆ ಹಾರಿದ್ದ ಸಹಪೈಲಟ್ ಕತೆ ಹೇಳುತ್ತಿದ್ದ. ಅಷ್ಟೊತ್ತಿಗೆ ಅತ್ತು ಸುಸ್ತಾಗಿದ್ದವರಿಗೆ ನಗುವುದಕ್ಕೊಂದು ನೆಪ ಬೇಕಾಗಿತ್ತು.

"ವಿಮಾನ ಇಳಿಯುವಾಗ ಎತ್ತರ ಎಷ್ಟು ಉಳಿದಿದೆ ಅಂತ ಯಂತ್ರವೇ ಹೇಳುತ್ತೆ. ಐವತ್ತು, ನಲವತ್ತು ಅಂತ. ಆದ್ರೂ ಇವರು ನನ್ನ ಬಾಯಲ್ಲೂ ಹೇಳಿಸೋರು. ಒಂದಿನ ತಡೀಲಾರದೆ ಕೇಳಿದೆ, ಯಂತ್ರ ಹೇಳ್ತಿದೆಯಲ್ಲ ಸರ್, ನಾನ್ಯಾಕೆ ಅಂತ. 'ಯಂತ್ರಕ್ಕೆ ಮನೆಗೆ ಹೋಗೋ ಆಸೆ ಇರಲ್ಲಪ್ಪ, ನಿಂಗಿರುತ್ತೆ' ಅಂದ್ರು!"

ಎಲ್ಲರೂ ನಕ್ಕರು. ಕ್ಯಾಪ್ಟನ್ನರ ಹೆಂಡತಿ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಗಳು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತಳು.

*

ಮಗಳಿಗೆ ಏಳು ವರ್ಷವಿದ್ದಾಗಿನ ಮಾತು. ಅಪ್ಪನ ಕಾರು ಗೇಟಿನಿಂದ ಹಿಂದಕ್ಕೆ ಬರುತ್ತಿತ್ತು, ಅವಳು "ಬನ್ನಿ ಅಪ್ಪ, ಬನ್ನಿ" ಎನ್ನುತ್ತಿದ್ದಳು. ಅಷ್ಟರಲ್ಲಿ ದರ್ಜಿಯ ಮನೆಯ ಬೆಕ್ಕಿನಮರಿ ಕಾಲಡಿ ಹಾದುಹೋಯಿತು. ಅಪ್ಪನನ್ನೂ ಕಾರನ್ನೂ ಮರೆತು ಅವಳು ಅದರ ಹಿಂದೆ ಓಡಿದಳು.

ಮರಿಯನ್ನೆತ್ತಿಕೊಂಡು ವಾಪಸು ಬಂದಾಗ ಕಾರು ಅರ್ಧ ಗೇಟಿನೊಳಗೆ, ಅರ್ಧ ಬೀದಿಯಲ್ಲಿ ಹಾಗೇ ನಿಂತಿತ್ತು. ಎರಡೂ ಕಡೆ ಗಾಡಿಗಳು ಸಾಲುಗಟ್ಟಿ ಹಾರ್ನ್ ಬಾರಿಸುತ್ತಿದ್ದವು. "ಏನ್ರೀ ಇದು, ದಾರಿಗೆ ಅಡ್ಡ ಹಾಕ್ಕೊಂಡು ಕೂತಿದ್ದೀರಲ್ಲ!" ಎಂದು ಅಮ್ಮ ಬಾಗಿಲಿನಿಂದ ಕೂಗುತ್ತಿದ್ದಳು. ಅಪ್ಪ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತಿದ್ದರು.

ಏಟು ಬೀಳುತ್ತದೆಂದು ಅವಳು ಮೊದಲೇ ಅಳತೊಡಗಿದಳು. ಅಪ್ಪ ಗದರಲಿಲ್ಲ. "ನಿನ್ನ ದನಿ ನಿಂತ್ರೆ ನೀನೇ ಚಕ್ರದ ಹಿಂದೆ ಬಿದ್ದಿರಬಹುದು ಪುಟ್ಟಿ. ನಾನು ಹೇಗೆ ಬರಲಿ?" ಎಂದರು. ಮರಿಯ ತಲೆ ಸವರಿ, "ಹೂಂ, ಈಗ ಹೇಳು," ಎಂದರು.

*

ಬಾಗಿಲು ಮಾವ ಅಡುಗೆಮನೆಗೆ ಬಂದು ನಲ್ಲಿ ನಿಲ್ಲಿಸಿದ. ಮಗಳು ತಿರುಗಿ ನೋಡದೆಯೇ ಹೇಳಿದಳು.

"ಮಾವ, ಅಪ್ಪ ಹೋಗಿದ್ದು ನನ್ನಿಂದ."

"ಏನಮ್ಮಾ ಅದು ಮಾತು?"

"ಅಮ್ಮಂಗೂ ಹೇಳಿಲ್ಲ. ನಿನ್ನೆ ಆಸ್ಪತ್ರೇಲಿ, ಕಣ್ಣು ತೆರೀದಿದ್ರೂ ಕಿವಿ ಕೇಳುತ್ತೆ, ಮಾತಾಡ್ತಾ ಇರಿ ಅಂದ್ರು ನರ್ಸ್. ಬೆಳಗಿನಿಂದ ಬಾಯಿಗೆ ಬಂದಿದ್ದೆಲ್ಲ ಮಾತಾಡ್ದೆ. ನಲ್ಲಿ ಸೋರೋದು, ದರ್ಜಿ ಅಂಕಲ್ ಒಂದು ಕಾಲು ಗಿಡ್ಡ ಹೊಲಿದ ಪ್ಯಾಂಟು, ಎಲ್ಲ. ಗಂಟಲು ಒಣಗಿ ಹೋಯ್ತು. ಎದ್ದು ಒಂದು ಲೋಟ ನೀರು ಕುಡಿದೆ. ತಿರುಗಿ ನೋಡಿದ್ರೆ... ನಾನು ನಿಲ್ಲಿಸ್ದೆ. ಅದಕ್ಕೇ ಅಪ್ಪನೂ ನಿಲ್ಲಿಸಿದ್ರು."

ಮಾವ ಕೋಲನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂತ. ಸಮಾಧಾನದ ಮಾತು ಥಟ್ಟನೆ ಹೇಳುವ ಅಭ್ಯಾಸ ಅವನಿಗಿರಲಿಲ್ಲ.

"ನೀರಿಗೆ ಏಳೋ ಮುಂಚೆ ಕೊನೇದಾಗಿ ಏನು ಹೇಳ್ದೆ?"

"ಕಾರು ಒಳಗೆ ಇಟ್ಟಿದೀನಿ ಅಪ್ಪ, ಗೇಟು ಹಾಕಿದೀನಿ ಅಂದೆ."

ಮಾವ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. "ನೋಡು ಮಗಳೇ, ದನಿ ನಿಂತ ಮೇಲೆ ನಿಮ್ಮಪ್ಪ ಇಳಿದಿದ್ದನ್ನ ನಾನು ಒಂದೇ ಒಂದು ಸಲವೂ ಕಂಡಿಲ್ಲ. ಗಾಳೀಲೇ ಕಾಯೋರು. ನೀನು ನೀರಿಗೆ ಎದ್ದಾಗ ಅವರಿನ್ನೂ ಮೇಲಿದ್ದಿದ್ರೆ, ನೀನು ಬರೋ ತನಕ ಕಾಯ್ತಿದ್ರು. ಕಾಯ್ಲಿಲ್ಲ ಅಂದ್ರೆ ನೀನು ಮಾತಾಡ್ತಿದ್ದಾಗ್ಲೇ ಇಳಿದಾಗಿತ್ತು."

ಅವಳಿಗೆ ನಂಬಬೇಕೆಂದು ತುಂಬಾ ಆಸೆಯಾಯಿತು. ಆದರೆ ಆ ಲೋಟದ ನೀರು ಇನ್ನೂ ಗಂಟಲಲ್ಲೇ ನಿಂತಂತಿತ್ತು. ಹೊರಗೆ ಯಾರೋ ಹೊತ್ತಾಯಿತೆಂದು ಕರೆದರು.

*

ಸ್ಮಶಾನದಲ್ಲಿ ಗುಂಡಿ ತೋಡಿಟ್ಟಿದ್ದರು. ಪೆಟ್ಟಿಗೆಯ ಕೆಳಗೆ ಎರಡು ಹಗ್ಗ ಹಾಯಿಸಿ, ತುದಿಗಳನ್ನು ಸಹಪೈಲಟ್, ಮಗಳ ಗಂಡ, ದರ್ಜಿ ಮತ್ತು ವ್ಯಾನಿನ ಡ್ರೈವರ್ ಹಿಡಿದರು. ಹಗ್ಗ ಹಿಡಿಯುವ ಬಲವಿಲ್ಲದ ಬಾಗಿಲು ಮಾವ ಗುಂಡಿಯ ತಲೆಯ ಕಡೆ ನಿಂತು, ಯಾರೂ ಕೇಳದಿದ್ದರೂ ಹೇಳತೊಡಗಿದ.

"ನಿಧಾನ... ಸಮ ಇದೆ... ಬನ್ನಿ ಸಾಹೇಬ್ರೆ... ಬನ್ನಿ..."

ಪೆಟ್ಟಿಗೆ ಅರ್ಧ ಇಳಿದಿತ್ತು. ಮಾವನ ದನಿ ನಿಂತಿತು. ಇನ್ನೊಮ್ಮೆ ಬಾಯಿ ತೆರೆದ, ಬರೀ ಉಸಿರು ಬಂತು. ಕೋಲಿನ ಮೇಲೆ ಬಾಗಿ ಅವನು ಮುಖ ಮುಚ್ಚಿಕೊಂಡ.

"ಹಿಡೀರಿ! ಯಾರೂ ಬಿಡ್ಬೇಡಿ," ಎಂದ ಸಹಪೈಲಟ್.

ನಾಲ್ವರೂ ಹಾಗೇ ನಿಂತರು. ಪೆಟ್ಟಿಗೆ ಒಂದು ಕಡೆ ವಾಲಿಕೊಂಡು ಗುಂಡಿಯ ನಡುವೆ ತೂಗುತ್ತಿತ್ತು. ದರ್ಜಿಯ ತೋಳು ನಡುಗತೊಡಗಿತು.

ಮಗಳು ಅಮ್ಮನ ಕೈ ಬಿಡಿಸಿಕೊಂಡು ಬಂದು, ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿ ನೋಡಿದಳು.

"ಎಡಗಡೆ ಸ್ವಲ್ಪ ಬಿಡಿ..." ದನಿ ಒಡೆದಿತ್ತು, ಆದರೂ ಬಂತು. "ಸಾಕು. ಬಲಗಡೆ ಹಾಗೇ ಇರಲಿ. ಈಗ ಎಲ್ಲರೂ. ಬನ್ನಿ... ಬನ್ನಿ..."

ಹಗ್ಗಗಳು ಸರಿದವು. ಪೆಟ್ಟಿಗೆ ಸಮವಾಯಿತು. ಅವಳ ಗಂಟಲು ಒಣಗಿತು, ಅವಳು ನಿಲ್ಲಿಸಲಿಲ್ಲ.

"ಕೆಳಗೆ ಖಾಲಿ ಇದೆ ಅಪ್ಪ. ಬನ್ನಿ... ಬನ್ನಿ... ಇನ್ನು ಸ್ವಲ್ಪ... ಬನ್ನಿ... ನೆಲ."

ನಾಲ್ವರ ಕೈಯಲ್ಲೂ ಹಗ್ಗ ಸಡಿಲವಾಯಿತು. ಅವಳು ಸುಮ್ಮನಾದಳು.