ಕ್ಲೆಮ್ ಮಾಡಿದ ಕೊನೆಯ ಜೀನು

ಅಪ್ಪ ಕ್ಲೆಮ್‌ನ ಗೋರಿಗೆ ಹಿಡಿ ಮಣ್ಣು ಹಾಕುವಾಗಲೂ ನೋಲಾಳ ಕಣ್ಣು ಬೇಲಿಯ ಕಡೆಗೇ ಇತ್ತು. ಅಲ್ಲಿ ಆರ್ಚಿ ಡನ್‌ನ ಕಂದು ಕುದುರೆ, ಅಪ್ಪ ಮಾಡಿದ ಕೊನೆಯ ಜೀನು ಹೊತ್ತು ನಿಂತಿತ್ತು. ಬೆಳಗಿನ ಜಾವವೇ ದನದ ಕ್ಯಾಂಪು ಬಿಟ್ಟಿದ್ದ ಮುದುಕ ಬಂದು ಮುಟ್ಟುವಷ್ಟರಲ್ಲಿ ಪಾದ್ರಿ ಪ್ರಾರ್ಥನೆ ಶುರುಮಾಡಿಯಾಗಿತ್ತು. ಜೀನು ಇಳಿಸಲೂ ಪುರುಸೊತ್ತಾಗಿರಲಿಲ್ಲ. ಇನ್ನು ಇಳಿಸುತ್ತಾನೆ. ಇಳಿಸಿದರೆ ಎಲ್ಲ ಬಯಲಾಗುತ್ತದೆ.

ಕ್ವೀನ್ಸ್‌ಲ್ಯಾಂಡಿನ ಈ ಒಳನಾಡಿನ ದನ ಅಟ್ಟುವವರು ಜೀನಿನ ಹೊರಗಿನ ಚೆಂದಕ್ಕೆ ಮರುಳಾಗುವ ಪೈಕಿಯಲ್ಲ. ಹೊಸ ಜೀನು ಬಿಗಿದು ದೂರ ಸವಾರಿ ಮಾಡಿ, ಇಳಿಸಿ, ಕುದುರೆಯ ಬೆನ್ನು ನೋಡುತ್ತಾರೆ. ಬೆನ್ನುಮೂಳೆಯ ಎರಡೂ ಕಡೆ ಬೆವರು ಒಂದೇ ಸಮ ಹರಡಿದ್ದರೆ ಸರಿ. ನಡುವೆ ಎಲ್ಲಾದರೂ ಒಣಗಿದ ಜಾಗ ಕಂಡಿತೋ, ಅಲ್ಲಿ ಜೀನು ಬೆನ್ನನ್ನು ಒತ್ತಿ ಬೆವರು ತಡೆದಿದೆ, ನೆಟ್ಟಗೆ ಕೂತಿಲ್ಲ. ಅಂಥ ಜೀನು ಮಾಡಿದವನ ಹೆಸರು ಊರಿನ ಹೆಂಡದಂಗಡಿಯಲ್ಲಿ ವರ್ಷಗಟ್ಟಲೆ ನಗೆಪಾಟಲು.

ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ, ಒಂದು ಗುಟುಕು ಚಹಾ ಕುಡಿ ಎಂದು ಐವಿ ಅತ್ತೆ ತೋಳು ಹಿಡಿದು ನಡೆಸಿದಳು. ಅಪ್ಪ ಹೋದ ದುಃಖ ಎಂದುಕೊಂಡಿದ್ದಳು ಪಾಪ. ಈ ಹೆದರಿಕೆಯಲ್ಲಿ ದುಃಖಕ್ಕೆ ಇನ್ನೂ ಸರದಿಯೇ ಬಂದಿರಲಿಲ್ಲ.

*

ಆ ಜೀನಿನ ಅಡಿಯ ಎರಡೂ ಮೆತ್ತೆಗಳಿಗೆ ಉಣ್ಣೆ ತುಂಬಿದವಳು ನೋಲಾ. ಲಕ್ವ ಹೊಡೆದ ಮೇಲೆ ಕ್ಲೆಮ್‌ನ ಕೈಯಲ್ಲಿ ಸೂಜಿ ನಿಲ್ಲುತ್ತಿರಲಿಲ್ಲ. ಹಟ ಮಾತ್ರ ಹಾಗೇ ಇತ್ತು. ಮಧ್ಯಾಹ್ನ ಅವನು ಮಲಗಿದಾಗ ಅವಳು ಹೊಲಿಗೆ ಬಿಚ್ಚಿ, ಗಂಟುಗಂಟಾಗಿ ತುರುಕಿದ್ದ ಉಣ್ಣೆ ತೆಗೆದು, ಬಿಡಿಸಿ, ಮತ್ತೆ ತುಂಬಿ ಹೊಲಿಯುತ್ತಿದ್ದಳು. ಎದ್ದವನು ಏನೂ ಕೇಳುತ್ತಿರಲಿಲ್ಲ.

ಮುಗಿದ ದಿನ ಅವನು ಜೀನನ್ನು ತೊಡೆಯ ಮೇಲಿಟ್ಟುಕೊಂಡ. ಮುಂಭಾಗವನ್ನು ಹೊಟ್ಟೆಗೆ ಒತ್ತಿಕೊಂಡು ಹಿಂಭಾಗವನ್ನು ಎಳೆದ. ಒಳಗಿನ ಮರದ ಚೌಕಟ್ಟು ಬಾಗಲೂ ಇಲ್ಲ, ಕಿರ್ರೆನ್ನಲೂ ಇಲ್ಲ. ಆಮೇಲೆ ಮಗುಚಿ, ಎರಡೂ ಅಂಗೈಗಳನ್ನು ಮೆತ್ತೆಗಳ ಮೇಲೆ ನಿಧಾನ ಸವರಿದ. ಹುಡುಗನಾಗಿದ್ದಾಗ ಹಗ್ಗಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋಗಿದ್ದವು. ಆ ಕೈ ಎಡಗಡೆಯ ಮುಂತುದಿಯಲ್ಲಿ ನಿಂತುಬಿಟ್ಟಿತು.

"ಇಲ್ಲಿ ಜಾಸ್ತಿ ಆಗಿದೆ. ಸ್ವಲ್ಪ ತೆಗೀಬೇಕು."

"ಸರಿಯಾಗೇ ಇದೆಯಪ್ಪ."

"ನನ್ನ ಕೈ ಸುಳ್ಳು ಹೇಳಲ್ಲ ಕಣೆ."

ನಾಳೆ ಬಿಚ್ಚೋಣ ಎಂದಳು. ಕ್ಲೆಮ್ ಬೆಳಗಾಗುವುದರೊಳಗೆ ನಿದ್ದೆಯಲ್ಲೇ ಹೋಗಿದ್ದ. ಕ್ಯಾಂಪಿಗೆ ಸಾವಿನ ಸುದ್ದಿ ಒಯ್ದ ಟ್ರಕ್ಕಿನವನು, ಹೇಗೂ ಹೋಗುತ್ತೇನಲ್ಲ ಎಂದು, ಆರ್ಚಿಯ ಜೀನನ್ನೂ ಹೇರಿಕೊಂಡು ಹೋದ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

*

ಆರ್ಚಿ ಕುದುರೆಯ ಹೊಟ್ಟೆಪಟ್ಟಿ ಸಡಿಲಿಸಿದ್ದೇ ತಡ, ಚಹಾದ ಲೋಟ ಹಿಡಿದೇ ಗಂಡಸರು ಸುತ್ತ ನೆರೆದರು. ಈಗ ಕ್ಲೆಮ್ ಪೆಟ್ಟಿಗೆಯೊಳಗೇ ಎದ್ದು ಕೂತಿರುತ್ತಾನೆ ಎಂದು ಯಾರೋ ತಮಾಷೆ ಮಾಡಿದರು.

ಜೀನು ಇಳಿಯಿತು, ಅಡಿಯ ಬಟ್ಟೆಯೂ ಇಳಿಯಿತು. ಬಲಗಡೆ ಬೆವರು ಒಂದೇ ಸಮ. ಎಡಗಡೆ, ಹೆಗಲ ಹತ್ತಿರ, ಅಂಗೈಯಗಲ ಒಣ ಜಾಗ.

ಅಪ್ಪನ ಕೈ ನಿಜವನ್ನೇ ಹೇಳಿತ್ತು. ಜೀವಮಾನವಿಡೀ ಗಳಿಸಿದ ಹೆಸರನ್ನು, ಗೋರಿಯ ಮಣ್ಣು ಆರುವ ಮುಂಚೆಯೇ, ಮಗಳು ಹಾಳುಮಾಡಿದ್ದಳು.

"ಆರ್ಚಿ ಮಾಮ, ಅದು ಅಪ್ಪನ ತಪ್ಪಲ್ಲ. ಉಣ್ಣೆ ತುಂಬಿದ್ದು ನಾನು."

ಮುದುಕ ಅವಳನ್ನು ನೋಡಿದ. ಜೀನು ಮಗುಚಿ ಎರಡೂ ಮೆತ್ತೆಗಳನ್ನು ಒತ್ತಿ ಒತ್ತಿ ನೋಡಿದ. ಆಮೇಲೆ ಇಳಿಸಿದ ಬಟ್ಟೆಯ ಎಡಮಗ್ಗುಲಿಗೆ ಕೈ ಹಾಕಿ, ಮಡಿಸಿದ ಹಳೇ ಕಂಬಳಿಯ ತುಂಡೊಂದನ್ನು ಎಳೆದ.

"ಒತ್ತಿರೋದು ಇದು ಕಣವ್ವ. ನಿಮ್ಮಪ್ಪನ ಜೀನು ಎಡಗಡೆ ಯಾವಾಗ್ಲೂ ಒಂಚೂರು ಟೊಳ್ಳು. ಎರಡು ಬೆರಳಿಲ್ಲದ ಆ ಕೈಯಲ್ಲಿ ಅಷ್ಟೇ ತುಂಬೋಕಾಗ್ತಿತ್ತು. ಅದನ್ನ ಸರಿದೂಗಿಸೋಕೆ ನಾವೆಲ್ಲ ಇಂಥದ್ದೊಂದು ತುರುಕ್ತೀವಿ. ನೀನು ತುಂಬಿದ್ದು ಸಮ ಇದೆ, ಈ ಜೀನಿಗೆ ಅದು ಬೇಕಿರ್ಲಿಲ್ಲ. ನಾನು ನೋಡ್ದೇನೇ ತುರುಕ್ಬಿಟ್ಟಿದೀನಿ."

"ಅಪ್ಪನಿಗೆ ಗೊತ್ತಿತ್ತಾ?"

"ಹೇಳೋರ್ಯಾರು? ಅವನ ಮರ, ಅವನ ಹೊಲಿಗೆ ಇನ್ಯಾರಿಗೂ ಬರಲ್ಲ. ಒಂದು ಚಿಂದಿಗೋಸ್ಕರ ಅವನನ್ನ ನೋಯಿಸೋದಾ? ಕುದುರೆ ಬೆನ್ನು ಹೇಗಿದೆ ಅಂತ ಕೇಳೋನು. ಚೆನ್ನಾಗಿದೆ ಅಂತಿದ್ವಿ. ಚೆನ್ನಾಗೇ ಇರ್ತಿತ್ತು."

ಉಳಿದವರು ನೆಲ ನೋಡುತ್ತ ಲೋಟ ಬರಿದುಮಾಡಿದರು. ನೋಲಾ ಬೇಲಿಯ ಗೂಟ ಹಿಡಿದು, ಬೆಳಗಿನಿಂದ ಮೊದಲ ಸಲ ಅತ್ತಳು.

ಬಿಸಿಲು ಇಳಿದಾಗ ಎಲ್ಲರೂ ಹೊರಟರು. ಬೇಲಿಗುಂಟ ಕುದುರೆಗಳ ಮೇಲೆ ಕ್ಲೆಮ್‌ನ ಜೀನುಗಳು ಏರಿದವು. ಒಬ್ಬೊಬ್ಬನೂ ಅತ್ತಿತ್ತ ನೋಡದೆ ಎಡಗಡೆಯ ಅಡಿಗೆ ಒಂದೊಂದು ಮಡಿಕೆ ತುರುಕಿದ: ಒಬ್ಬನದು ಕೆಂಪು ಫ್ಲಾನೆಲ್, ಒಬ್ಬನದು ಹಿಟ್ಟಿನ ಚೀಲದ ತುಂಡು. ಆರ್ಚಿ ತನ್ನ ಜೀನನ್ನು ಮಡಿಕೆಯಿಲ್ಲದೆ ಹಾಗೇ ಬಿಗಿದ. ಕೈಯಲ್ಲುಳಿದ ಕಂಬಳಿಯ ತುಂಡನ್ನು ಎಸೆಯಲು ಹೋಗಿ, ನಿಂತು, ಬೆವರುನಾತ ಬಡಿಯುವ ಅದನ್ನು ಒಪ್ಪವಾಗಿ ಮಡಿಸಿ ಸಾವಿಗೆಂದು ತೊಟ್ಟು ಬಂದ ಕೋಟಿನ ಒಳಜೇಬಿಗೆ ಸೇರಿಸಿ ಗುಂಡಿ ಹಾಕಿಕೊಂಡ.