ಹಗಲಾಸರೆಯ ಕೇರಂ ಬೋರ್ಡು

ಚನ್ನವೀರಯ್ಯನವರು ಲಿಂಗೈಕ್ಯರಾದ ಸುದ್ದಿ ಬಂದ ದಿನ ನನ್ನ ಮೈಗೆ ಯಾರೂ ಪೌಡರ್ ಹಚ್ಚಲಿಲ್ಲ. ಕಸ್ತೂರೆವ್ವ ಫೋನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, “ಅಯ್ಯಾರು ಹೋದರಂತ” ಎಂದಳು. ಸದಾ ವಟಗುಟ್ಟುವ ನೀಲಗಂಗವ್ವ ಕೂಡ ನೆಲ ನೋಡುತ್ತ ಕುಳಿತಳು. ನಾನು ಒಂದು ಕೇರಂ ಬೋರ್ಡು, ಅಳಲಾರೆ. ನೆನೆಯಬಲ್ಲೆ. ಅವರನ್ನು ನೆನೆಯಬೇಕಾದರೆ ನನ್ನ ಕಥೆಯನ್ನೂ ಹೇಳಬೇಕಾಗುತ್ತದೆ.

ನಾನು ಹುಟ್ಟಿದ್ದು ಗದುಗಿನ ಒಬ್ಬ ಬಡಿಗನ ಅಂಗಡಿಯಲ್ಲಿ. ಮೂರು ಮೂಲೆಯ ತೂತುಗಳನ್ನು ಆತ ದುಂಡಗೆ ಕೊರೆದ. ನಾಲ್ಕನೆಯದನ್ನು ಕೊರೆಯುವಾಗ ಯಾರೋ ಚಹಾಕ್ಕೆ ಕರೆದರು, ಅದು ಸೊಟ್ಟಗಾಯಿತು. ಮೊದಲು ಒಂದು ತರುಣ ಸಂಘಕ್ಕೆ ಹೋದೆ. ಅಲ್ಲಿ ಸೋತವರೆಲ್ಲ ನನ್ನ ಸೊಟ್ಟ ತೂತನ್ನೇ ಬೈಯುತ್ತಿದ್ದರು. ಜಗಳ ಹೆಚ್ಚಾಗಿ ಸಂಘವೇ ಒಡೆಯಿತು. ಆಮೇಲೆ ಒಬ್ಬ ವಕೀಲರ ಮನೆ ಸೇರಿದೆ. ವಕೀಲರ ಹೆಂಡತಿ ನನ್ನನ್ನು ಮಾಳಿಗೆಯ ಮೇಲಿಟ್ಟು ಸಂಡಿಗೆ ಒಣಹಾಕಿದಳು. ಒಂದು ಬೇಸಿಗೆ ಸಂಡಿಗೆ ಹೊತ್ತು, ಕಾಗೆಗಳ ಕುಕ್ಕು ತಿಂದು, ಕೊನೆಗೆ ಹಗಲಾಸರೆಗೆ ದಾನವಾಗಿ ಬಂದೆ.

ತೀವ್ರ ಮನೋರೋಗದಿಂದ ನರಳಿದವರು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಹಗಲು ಹೊತ್ತು ಬಂದು ಕೂಡುವ ಜಾಗ ಅದು. ಕಸ್ತೂರೆವ್ವ ಅದನ್ನು ನಡೆಸುತ್ತಿದ್ದಳು. ನೀಲಗಂಗವ್ವನಂತೆ ಚನ್ನವೀರಯ್ಯನವರೂ ಅಲ್ಲಿಗೆ ಬರುತ್ತಿದ್ದರು, ಮೊದಲು ಅಂಚೆ ಕಚೇರಿಯಲ್ಲಿದ್ದವರು. ಯಾರಿಗೂ ಕೇಳದ ದನಿಗಳು ಅವರಿಗೆ ಕೇಳಿಸುತ್ತಿದ್ದವು. ಎಲ್ಲರೂ ಒಟ್ಟಿಗೆ ಮಾತಾಡಿದರೆ ಅವರ ತಲೆ ಸಂತೆಯಾಗುತ್ತಿತ್ತು. ಅದಕ್ಕೇ ಅವರೊಂದು ನಿಯಮ ಮಾಡಿದರು: ಸ್ಟ್ರೈಕರ್ ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು, ಮಾತು ಮುಗಿದ ಮೇಲೆ ಹೊಡೆಯಬೇಕು, ಉಳಿದವರು ಕೇಳಬೇಕು. “ನನ್ನ ತಲ್ಯಾಗಿನ ಮಂದಿಗೂ ಇದ ನಿಯಮ” ಎಂದು ಅವರು ಗಂಭೀರವಾಗಿ ಹೇಳಿದ್ದರು.

ನಿಯಮವನ್ನು ಎಲ್ಲರೂ ದೇವರ ವ್ರತದಂತೆ ಪಾಲಿಸಿದರು. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕತೊಡಗಿದ್ದನ್ನು ನೀಲಗಂಗವ್ವ ಕಣ್ಣಾರೆ ಕಂಡಳು. ಸ್ಟ್ರೈಕರ್ ಮಾತ್ರ ಬೇರೆಯವರ ಕೈಯಲ್ಲಿತ್ತು. ತನ್ನ ಸರದಿ ಬರುವ ತನಕ ಚಡಪಡಿಸುತ್ತ ಕುಳಿತು, ಸರದಿ ಬಂದ ಕೂಡಲೇ, “ಹಾಲು ಉಕ್ಕಾಕತ್ತಿತ್ರಿ” ಎಂದಳು. ಅಷ್ಟರಲ್ಲಿ ಪಾತ್ರೆಯ ತಳವೂ ಹೊತ್ತಿತ್ತು. ಕಸ್ತೂರೆವ್ವ ಅಂದು ಎಲ್ಲರಿಗೂ ಕರಿ ಚಹಾ ಕುಡಿಸಿದಳು.

ಹೀಗಿರುವಾಗ ಅರುಂಧತಿ ಎಂಬ ಮೇಡಂ ಬರುವರೆಂದು ತಿಳಿಯಿತು. ಇಂಥ ಕೇಂದ್ರಗಳಿಂದ ರೋಗಿಗಳಿಗೆ ನಿಜವಾಗಿ ಉಪಯೋಗವಾಗಿದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಇಲ್ಲವೆಂದರೆ ಹಗಲಾಸರೆಯ ಬಾಗಿಲು ಮುಚ್ಚುತ್ತದೆ. ಕಸ್ತೂರೆವ್ವ ಹೆದರಿ, ನಿಯಮ ಒಂದಿಷ್ಟೂ ತಪ್ಪದೆ ಶಿಸ್ತಿನಿಂದಿರಬೇಕೆಂದು ಎಲ್ಲರಿಗೂ ಕೈಮುಗಿದು ಹೇಳಿ, ಭಜಿ ಕರಿಯಲು ಒಳಗೆ ಹೋದಳು.

ಮೇಡಂ ಬಂದು ನನ್ನೆದುರು ಕುಳಿತರು. ಮೊದಲ ಹೊಡೆತ ಅತಿಥಿಗೆ ಸೇರಿದ್ದು. ಹಾಗಾಗಿ ಸ್ಟ್ರೈಕರನ್ನು ಅವರ ಮುಂದೆಯೇ ಇಟ್ಟಿದ್ದರು. ಅವರು ಅದನ್ನು ಮುಟ್ಟಲೇ ಇಲ್ಲ. ಹೆಸರು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನಿದ್ದೆ ಬರುತ್ತದೆಯೇ, ಗೆಳೆಯರಿದ್ದಾರೆಯೇ ಎಂದು ಕೇಳಿದರು. ಎಲ್ಲರೂ ಸ್ಟ್ರೈಕರನ್ನೇ ದಿಟ್ಟಿಸುತ್ತ ಕುಳಿತರು. ನೀಲಗಂಗವ್ವನಂತೂ ಮಾತು ತಡೆದು ತಡೆದು ಕೆಂಪಾಗಿದ್ದಳು. ಇಷ್ಟು ವರ್ಷ ಬಂದರೂ ಇವರಿಗೆ ಮಾತೇ ಬಂದಿಲ್ಲವಲ್ಲ ಎಂದು ಮೇಡಂ ನಿಟ್ಟುಸಿರು ಬಿಟ್ಟು ಚೀಲ ಹೆಗಲಿಗೇರಿಸಿದರು.

ಆಗ ಚನ್ನವೀರಯ್ಯನವರು ತಾವೇ ಮಾಡಿದ ನಿಯಮವನ್ನು ಮೊದಲ ಸಲ ಮುರಿದರು.

“ಅಕ್ಕಾರ, ಅದನ್ನ ಕೈಯಾಗ ಹಿಡಕೊಂಡು ಕೇಳ್ರಿ. ಅಲ್ಲೀ ತನಕ ನಮ್ಮ ಬಾಯಿಗೆ ಕೀಲಿ.”

ಮೇಡಂ ಬೆರಗಾಗಿ ಸ್ಟ್ರೈಕರ್ ಹಿಡಿದರು. ಈ ಕೇಂದ್ರ ಮುಚ್ಚಿದರೆ ಏನು ಮಾಡುವಿರಿ ಎಂದು ಕೇಳಿ ಹೊಡೆದರು. ಅದು ಒಂದು ಕಾಯಿಯನ್ನೂ ಮುಟ್ಟದೆ ಸೊಟ್ಟ ತೂತಿಗೆ ಬಿತ್ತು. ನೀಲಗಂಗವ್ವ ಅದನ್ನು ಎತ್ತಿಕೊಂಡು, “ಕಟ್ಟಿ ಮ್ಯಾಲೆ ಕುಂತು ಆಡ್ತೀವ್ರಿ. ಖರೆ ಭಜಿ ಸಿಗೂದಿಲ್ಲ” ಎಂದಳು. ಬಳಿಕ ಸ್ಟ್ರೈಕರ್ ಚನ್ನವೀರಯ್ಯನವರ ಕೈಗೆ ಬಂತು. ಅವರು ಅದನ್ನು ಬೆರಳಲ್ಲಿ ಸವರಿದರು.

“ಮನ್ಯಾಗ ನಾ ಬಾಯಿ ತಗದ್ರ, ಗುಳಿಗಿ ತಗೊಂಡೀರೇನು ಅಂತ ಕೇಳ್ತಾರ. ಇಲ್ಲಿ, ಈಗ ನಿಮ್ಮ ಆಟ ಅಂತಾರ. ಇಷ್ಟ ನೋಡ್ರಿ ಉಪಯೋಗ.”

ಮೇಡಂ ಚೀಲ ಕೆಳಗಿಟ್ಟರು. ಸ್ಟ್ರೈಕರ್ ಮತ್ತೆ ಅವರ ಕೈಗೆ ಹೋದಾಗ ತಮ್ಮ ಅತ್ತೆಯ ಕಥೆ ಶುರು ಮಾಡಿದರು. ಭಜಿ ತಣ್ಣಗಾದವು, ಚಹಾಕ್ಕೆ ಕೆನೆ ಕಟ್ಟಿತು. ನಿಯಮವೆಂದ ಮೇಲೆ ಯಾರೂ ತಡೆಯುವಂತಿರಲಿಲ್ಲ.

ಬಾಗಿಲು ಮುಚ್ಚಲಿಲ್ಲ. ಅದಾದ ಮೇಲೂ ಚನ್ನವೀರಯ್ಯನವರು ಬಹುಕಾಲ ನನ್ನೆದುರು ಕುಳಿತರು. ಈಚೆಗೆ ನಾನು ಡೊಂಕಾಗಿದ್ದೇನೆ. ಕಾಯಿಗಳು ಹೊಡೆಯುವ ಮೊದಲೇ ಜಾರುತ್ತವೆ. ಅವರು ಹೋದ ಮೇಲೆ ಹೊಸ ಬೋರ್ಡು ಬಂದಿದೆ. ನನ್ನನ್ನು ಗೋಡೆಗೆ ಆನಿಸಿಟ್ಟಿದ್ದಾರೆ. ಎಷ್ಟೋ ಕೈಗಳನ್ನು ಕಂಡೆ. ಗೆಲ್ಲಲು ಬಂದವರು ಬೇಗ ಎದ್ದು ಹೋದರು, ಕೂಡಲು ಬಂದವರು ಉಳಿದರು.

ಕೈಮುಗಿಯೋಣವೆಂದರೆ ನನಗೆ ಕೈಗಳಿಲ್ಲ. ಇದ್ದಲ್ಲಿಂದಲೇ ಬೇಡುತ್ತೇನೆ. ಶಿವನೇ, ಬದುಕಿದ್ದಾಗ ಚನ್ನವೀರಯ್ಯನವರಿಗೆ ನೆಮ್ಮದಿಯ ನಿದ್ದೆ ಅಪರೂಪವಾಗಿತ್ತು. ನಿನ್ನ ಪಾದದ ಬಳಿ ಅವರಿಗೆ ಜಾಗ ಕೊಡು, ಅವರ ಆತ್ಮಕ್ಕೆ ಶಾಂತಿ ಕರುಣಿಸು.