ಕೀರ್ತಿಕುಮಾರರ ಎರಡು ಬಟ್ಟಲು ಪಾಯಸ

ಐದು ವರ್ಷದವರೆಗೆ ನಾನು ಒಂದಕ್ಷರ ಮಾತಾಡಿರಲಿಲ್ಲ. ಆಮೇಲೆ ಶುರು ಮಾಡಿದವಳು ಇವತ್ತಿನವರೆಗೂ ನಿಲ್ಲಿಸಿಲ್ಲ ಎಂದು ನಮ್ಮ ಅಜ್ಜಿ ಬೆಳ್ಳಿಯ ದೂರು. ನನ್ನ ಬಲಗೈ ಮೊಣಕೈಯಿಂದ ಕೆಳಗೆ ಗಿಡ್ಡ. ಎರಡೂ ಕೈಯಲ್ಲಿ ಹೆಬ್ಬೆರಳಿಲ್ಲ. ಅಜ್ಜಿ ಶಾಲೆಗೆ ಹೋದವಳಲ್ಲ, ಹೆಬ್ಬೆಟ್ಟು ಒತ್ತಿಯೇ ಬದುಕು ಸಾಗಿಸಿದವಳು. ನನಗೆ ಆ ಅನುಕೂಲವೂ ಇಲ್ಲದ್ದರಿಂದ ಬೇರೆ ದಾರಿ ಕಾಣದೆ ಓದು ಬರಹ ಕಲಿತೆ. ಈಗ ಮೂರ್ನಾಡಿನ ಜೆರಾಕ್ಸ್ ಅಂಗಡಿಯಲ್ಲಿ ಎಂಟು ಬೆರಳಿನಲ್ಲಿ ಟೈಪ್ ಮಾಡುತ್ತೇನೆ. ಹತ್ತು ಬೆರಳಿರುವ ನಮ್ಮ ಓನರ್ ಎರಡೇ ಬೆರಳಿನಲ್ಲಿ ಕುಟ್ಟುತ್ತಾನೆ.

ನಾನು ಹೀಗೆ ಹುಟ್ಟಿದ್ದಕ್ಕೆ ಕಾಫಿ ತೋಟದ ಕೆಲಸದವರ ನಮ್ಮ ಲೈನ್ ಮನೆಗಳಲ್ಲಿ ಕಾರಣಗಳಿಗೆ ಕೊರತೆ ಇರಲಿಲ್ಲ. ಗ್ರಹಣದ ಹೊತ್ತಿಗೆ ಅವ್ವ ಹೊರಗೆ ಬಂದಿದ್ದಳಂತೆ. ಅಪ್ಪ ಹಾವು ಹೊಡೆದಿದ್ದನಂತೆ. ಪಕ್ಕದ ಮನೆಯ ಹೆಂಗಸೊಬ್ಬಳ ಪ್ರಕಾರ ಅವ್ವ ಬಸುರಿಯಾಗಿದ್ದಾಗ ಜೋಡಿ ಬಾಳೆಹಣ್ಣು ತಿಂದಿದ್ದಳು. ಜೋಡಿ ಬಾಳೆಹಣ್ಣು ತಿಂದರೆ ಬೆರಳು ಹೆಚ್ಚಾಗಬೇಕಲ್ಲ, ಕಡಿಮೆ ಹೇಗಾಯಿತು ಎಂದು ನಾನು ಏಳನೇ ಕ್ಲಾಸಿನಲ್ಲಿರುವಾಗ ಅವಳನ್ನು ಕೇಳಿ ಬೈಸಿಕೊಂಡಿದ್ದೆ.

ನಿಜವಾದ ಕಾರಣ ತಿಳಿದದ್ದು ನನಗೆ ಹತ್ತೊಂಬತ್ತು ತುಂಬಿದ ಮೇಲೆ. ಅಂಗವಿಕಲರ ಸರ್ಟಿಫಿಕೇಟಿಗೆಂದು ಹೋದ ಶಿಬಿರದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ನನ್ನ ಕೈ ನೋಡಿದಳು, ಮುಖ ನೋಡಿದಳು, ಆಮೇಲೆ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದಳು. “ಬಸುರಿಯಾಗಿದ್ದಾಗ ಫಿಟ್ಸ್‌ಗೆ ಏನಾದರೂ ಮಾತ್ರೆ ತಗೊಳ್ತಿದ್ರಾ?” ಅವ್ವ ಹೌದೆಂದಳು. ಮದುವೆಗೂ ಮುಂಚಿನಿಂದ ಅವಳಿಗೆ ಫಿಟ್ಸ್ ಇತ್ತು. ಅವಳು ನುಂಗುತ್ತಿದ್ದ ಆ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿನ ಕೈಕಾಲು, ಮಾತು, ಬುದ್ಧಿ ಏನನ್ನು ಬೇಕಾದರೂ ಕೆಡಿಸಬಹುದು, ಬಸುರಿಯರಿಗೆ ಕೊಡಲು ಬೇರೆ ಮಾತ್ರೆಗಳಿದ್ದವು ಎಂದು ಆ ಡಾಕ್ಟರ್ ಬಿಡಿಸಿ ಹೇಳಿದಳು. ಬುದ್ಧಿಯ ವಿಷಯ ಬಂದಾಗ, ಜೊತೆಗೆ ಬಂದಿದ್ದ ಅಜ್ಜಿ ನನ್ನ ಕಡೆ ಅರ್ಥಗರ್ಭಿತವಾಗಿ ನೋಡಿದ್ದನ್ನು ನಾನು ಮರೆತಿಲ್ಲ.

ಕುಟ್ಟಪ್ಪ ವಕೀಲರು ಮಡಿಕೇರಿಯ ಗ್ರಾಹಕರ ಆಯೋಗದಲ್ಲಿ ಪರಿಹಾರದ ಕೇಸು ಹಾಕಿದರು. ಮಾತ್ರೆ ಬರೆದುಕೊಟ್ಟ ಡಾಕ್ಟರ್ ಮೊದಲನೇ ಎದುರುದಾರ, ತಯಾರಿಸಿದ ಕಂಪನಿ ಎರಡನೆಯದು. ಕುಟ್ಟಪ್ಪನವರಿಗೆ ನನ್ನ ಮೇಲೆ ಒಂದೇ ಅಸಮಾಧಾನ. “ಪ್ರಿಯಾ, ನೀನು ಸ್ವಲ್ಪ ಪಾಪದ ಹಾಗೆ ಕೂರಬೇಕು ಮಾರಾಯ್ತಿ. ಹೆಬ್ಬೆರಳು ಅವರಿಗೆ ಕಾಣುವ ಹಾಗೆ ಕೈ ಇಡು.”

“ಇಲ್ಲದ ಹೆಬ್ಬೆರಳನ್ನು ಹೆಂಗೆ ಸಾರ್ ಕಾಣಿಸೋದು?” ಎಂದೆ. ಅವರು ಫೈಲು ಮುಚ್ಚಿ ಹೊರಗೆ ಸಿಗರೇಟು ಸೇದಲು ಹೋದರು.

ಪರಿಹಾರ ನನಗೆ ಬೇಡವಾಗಿರಲಿಲ್ಲ. ಬೇಡ ಅನ್ನಲು ನಾನೇನು ಸನ್ಯಾಸಿನಿಯಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಬೇರೆ. ನಾನು ಅನ್ನ ಕಲಸುವಾಗ, ಜಡೆ ಹಾಕಿಕೊಳ್ಳುವಾಗ, ಅವ್ವ ಮಾಲತಿ ನನ್ನ ಕೈ ನೋಡಿ ತಟ್ಟನೆ ಮುಖ ತಿರುಗಿಸುತ್ತಾಳೆ. ಇಪ್ಪತ್ತು ವರ್ಷದಿಂದ ತಿರುಗಿಸುತ್ತಿದ್ದಾಳೆ. ತಪ್ಪು ನಿನ್ನದಲ್ಲ ಎಂದು ನಾನು ಹೇಳಿದರೆ ಅವಳು ನಂಬುವುದಿಲ್ಲ. ಸರಕಾರದ ಸೀಲು ಇರುವವರು ಯಾರಾದರೂ ಹೇಳಲಿ ಎಂದು ನನ್ನ ಆಸೆ.

ಅವ್ವನ ಪಾಟೀ ಸವಾಲಿಗೆ ಸಿಕ್ಕಿದ ದಿನ ಆಗಸ್ಟ್ ನಾಲ್ಕು. ಅಂದರೆ ಆಟಿ ತಿಂಗಳ ಹದಿನೆಂಟರ ಮರುದಿನ. ಕೊಡಗಿನಲ್ಲಿದ್ದವರಿಗೆ ಇದನ್ನು ಹೇಳಬೇಕಾಗಿಲ್ಲ. ಆಟಿ ಹದಿನೆಂಟರಂದು ಜಾತಿ ಭಾಷೆ ನೋಡದೆ ಜಿಲ್ಲೆಗೆ ಜಿಲ್ಲೆಯೇ ಮದ್ದು ಸೊಪ್ಪು ಕುದಿಸಿ, ಆ ನೇರಳೆ ರಸದಲ್ಲಿ ಪಾಯಸ ಮಾಡಿ, ಜೇನು ಹಾಕಿಕೊಂಡು ತಿನ್ನುತ್ತದೆ. ಅದೊಂದು ದಿನ ಆ ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಯ ಗುಣ ಬರುತ್ತದೆಂದು ನಂಬಿಕೆ. ಗುಣ ಬರುತ್ತದೋ ಇಲ್ಲವೋ, ತಿಂದವರ ಮೂತ್ರ ಮಾತ್ರ ಕೆಂಪಾಗಿ ಬರುತ್ತದೆ. ನಮ್ಮ ಮನೆಯಲ್ಲಿ ಅಜ್ಜಿ ಪ್ರತಿವರ್ಷ ದೊಡ್ಡ ಪಾತ್ರೆ ತುಂಬ ಮಾಡುತ್ತಾಳೆ. ಅವ್ವನೊಬ್ಬಳು ಮುಟ್ಟುವುದಿಲ್ಲ. ಅದರ ವಾಸನೆ ಅವಳಿಗೆ ಆಗುವುದಿಲ್ಲ ಎಂದುಕೊಂಡಿದ್ದೆ.

ಕಂಪನಿಯ ಪರವಾಗಿ ಬೆಂಗಳೂರಿನಿಂದ ಬಂದವರು ಕೀರ್ತಿಕುಮಾರ್ ಎಂಬ ವಕೀಲರು. ಕೋಟು ಇಸ್ತ್ರಿಯಾಗಿತ್ತು, ಕೂದಲೂ ಇಸ್ತ್ರಿಯಾಗಿತ್ತು. ಹಿಂದಿನ ದಿನವೇ ಬಂದು ಹೋಮ್‌ಸ್ಟೇಯಲ್ಲಿ ಉಳಿದಿದ್ದರು. ಆಯೋಗದ ಅಧ್ಯಕ್ಷೆಯೂ ಬಯಲುಸೀಮೆಯವರು, ಇಲ್ಲಿಗೆ ಬಂದು ಒಂದು ತಿಂಗಳಾಗಿತ್ತಷ್ಟೆ.

ಅವ್ವ ಕಟಕಟೆಯಲ್ಲಿ ನಿಂತಳು. ಕೀರ್ತಿಕುಮಾರ್ ಬಹಳ ಮರ್ಯಾದೆಯಿಂದ ಕೇಳಿದರು. “ಅಮ್ಮಾ, ಗರ್ಭಿಣಿಯಾಗಿದ್ದಾಗ ಈ ಮಾತ್ರೆ ಬಿಟ್ಟು ಬೇರೆ ಯಾವ ಔಷಧವನ್ನೂ ತಗೊಂಡಿರಲಿಲ್ವಾ?”

ಇಲ್ಲ ಎನ್ನಬೇಕು ಎಂದು ಕುಟ್ಟಪ್ಪನವರು ವಾರವಿಡೀ ಹೇಳಿಕೊಟ್ಟಿದ್ದರು. ಅವ್ವ ನೆಲ ನೋಡಿದಳು.

“ತಗೊಂಡಿದ್ದೆ ಸಾರ್.”

ಕುಟ್ಟಪ್ಪನವರ ಪೆನ್ನು ಕೆಳಗೆ ಬಿತ್ತು.

“ಏನು ತಗೊಂಡ್ರಿ?”

“ಮದ್ದು ಸೊಪ್ಪಿನ ಪಾಯಸ. ಎರಡು ತಿಂಗಳಾಗಿತ್ತು ಆವಾಗ.”

“ಅದರಲ್ಲಿ ಏನಿರುತ್ತೆ?”

“ಹದಿನೆಂಟು ಬಗೆ ಔಷಧಿ ಇರ್ತದೆ ಅಂತಾರೆ.”

“ತಿಂದ ಮೇಲೆ ದೇಹದಲ್ಲಿ ಏನಾದ್ರೂ ಬದಲಾವಣೆ ಆಯ್ತಾ?”

ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು. “ಮೂತ್ರ ಕೆಂಪಗೆ ಬಂತು ಸಾರ್.”

ಅಧ್ಯಕ್ಷೆಯ ಹುಬ್ಬು ಮೇಲೇರಿತು. ಕೀರ್ತಿಕುಮಾರರ ಮುಖದಲ್ಲಿ ಲಾಟರಿ ಹೊಡೆದ ಕಳೆ. “ದಯವಿಟ್ಟು ದಾಖಲಾಗಲಿ ಮೇಡಂ. ಎರಡು ತಿಂಗಳ ಗರ್ಭಿಣಿ, ಯಾರೂ ಪರೀಕ್ಷೆ ಮಾಡಿರದ ಹದಿನೆಂಟು ಔಷಧಗಳು, ಆಮೇಲೆ ಕೆಂಪು ಮೂತ್ರ. ಇಷ್ಟಾದ ಮೇಲೂ ದೂರು ನಮ್ಮ ಒಂದು ಮಾತ್ರೆಯ ಮೇಲೆ!” ಮೊದಲನೇ ಎದುರುದಾರ ಡಾಕ್ಟರ್ ಇದೇ ಜಿಲ್ಲೆಯವರು. ಹಿಂದಿನ ದಿನ ಅವರೂ ಅದೇ ಪಾಯಸ ತಿಂದಿರಲಿಲ್ಲವೆಂದರೆ ನಾನು ನಂಬುವುದಿಲ್ಲ. ಅವರು ಬಾಯಿ ಬಿಡದೆ ಫ್ಯಾನು ನೋಡುತ್ತ ಕೂತಿದ್ದರು. ಕುಟ್ಟಪ್ಪನವರು ಎದ್ದು ಏನೋ ಹೇಳಹೊರಟರೆ ಅಧ್ಯಕ್ಷೆ, ನಿಮ್ಮ ಸರದಿ ಬಂದಾಗ ಹೇಳಿ ಎಂದು ಟೀಗೆ ಎದ್ದರು.

ಹೊರಗೆ ಮಂಜು ವರಾಂಡದೊಳಕ್ಕೇ ಬಂದಿತ್ತು. ಅವ್ವ ಬೆಂಚಿನ ತುದಿಯಲ್ಲಿ ಕೂತಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಎಂತಕ್ಕವ್ವ ಹಂಗೆ ಹೇಳ್ದೆ? ನಿಂಗೆ ತಲೆ ಸರಿ ಉಂಟಾ?”

“ಕೇಳಿದ್ರೆ ಸುಳ್ಳು ಹೇಳಕ್ಕಾಗ್ತದಾ ಮಗಳೇ? ಆ ಡಾಕ್ಟರಮ್ಮ ಮಾತ್ರೆ ಅಂದ್ಲು, ನೀವೆಲ್ಲ ಮಾತ್ರೆ ಅಂದ್ರಿ. ನಂಗೆ ಮೊದಲಿಂದ್ಲೂ ಗೊತ್ತಿತ್ತು, ಆ ಪಾಯಸದ್ದೇ ಅಂತ. ಅಜ್ಜಿ ಜಾಸ್ತಿ ಬೇಡ ಅಂದಿದ್ರು, ಬಸುರಿ ಹೆಂಗಸು ಸ್ವಲ್ಪ ಮಾತ್ರ ತಿನ್ನು ಅಂತ. ನಾನೇ ಆಸೆ ತಡೀಲಾರದೆ ಎರಡನೇ ಸಲ ಹಾಕ್ಕೊಂಡೆ.”

ಇಪ್ಪತ್ತು ಆಟಿ ಕಳೆದಿದ್ದವು. ಒಂದು ಸಲವೂ ಅವಳು ಆ ಪಾತ್ರೆಯ ಹತ್ತಿರ ಹೋಗದೆ ಇದ್ದದ್ದು ವಾಸನೆಗಲ್ಲ. ಒಂದು ಬಟ್ಟಲು ಹೆಚ್ಚಿಗೆ ತಿಂದದ್ದಕ್ಕೆ ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆ ಅದು. ನನಗೆ ಅಳು ಬಂತು. ಅಳುವಾಗ ನನ್ನ ಮೂಗು ಟೊಮೆಟೊ ಆಗುತ್ತದೆ, ಅದಕ್ಕೆ ಗೋಡೆ ಕಡೆ ತಿರುಗಿ ನಿಂತೆ.

ಆಗ ವರಾಂಡದ ಕೊನೆಯ ಟಾಯ್ಲೆಟ್ಟಿನಿಂದ ಕೀರ್ತಿಕುಮಾರ್ ಹೊರಗೆ ಬಂದರು. ಇಸ್ತ್ರಿಯೆಲ್ಲ ಇಳಿದುಹೋಗಿತ್ತು. ಹಣೆಯಲ್ಲಿ ಬೆವರು. ನಮ್ಮ ಬೆಂಚಿನ ಪಕ್ಕ ನಿಂತಿದ್ದ ಆಫೀಸಿನ ಜವಾನನನ್ನು ಸಣ್ಣ ದನಿಯಲ್ಲಿ ಕೇಳಿದರು. “ಇಲ್ಲಿ ಹತ್ತಿರದಲ್ಲಿ ಒಳ್ಳೆ ಡಾಕ್ಟರ್ ಯಾರಾದ್ರೂ ಇದಾರಾ?”

ನಾಲ್ಕು ಹೆಜ್ಜೆ ಆಚೆಗೆ ಅವರ ಜೊತೆಯ ಎದುರುದಾರ ಡಾಕ್ಟರ್ ಟೀ ಕುಡಿಯುತ್ತಿದ್ದರು. ಅವರನ್ನು ಕೇಳುವ ಧೈರ್ಯ ಇವರಿಗೂ ಬಂದಿರಲಿಲ್ಲ.

“ಎಂತ ಆಯ್ತು ಸಾರ್?” ಎಂದ ಜವಾನ.

“ರಕ್ತ ಹೋಗ್ತಿದೆ ಕಣ್ರೀ. ಬೆಳಗ್ಗೆಯೂ ಹೋಯ್ತು. ಈಗಲೂ. ನಮ್ಮಪ್ಪನಿಗೂ ಕಿಡ್ನಿ ಹೋಗಿತ್ತು…”

ಅರ್ಧ ಗಂಟೆ ಮುಂಚೆ ತಾವೇ ದಾಖಲೆ ಮಾಡಿಸಿದ ಉತ್ತರ. ಆದರೂ ಸ್ವಂತ ಮೂತ್ರದ ವಿಷಯಕ್ಕೆ ಬಂದಾಗ ಲಾ ಓದಿದವರಿಗೂ ತಲೆ ಓಡುವುದಿಲ್ಲ. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಮೈಸೂರಿನವರೆಗೂ ಹೋಗಿ ಸ್ಕ್ಯಾನ್ ಮಾಡಿಸಿಕೊಳ್ಳಲಿ ಎಂದೇ ಮನಸ್ಸಿನಲ್ಲಿ ಅಂದುಕೊಂಡೆ. ಅವ್ವ ಎದ್ದಳು.

“ಸಾರ್, ನಿನ್ನೆ ರಾತ್ರಿ ನಿಮ್ಗೆ ಪಾಯಸ ಹಾಕಿದ್ರಾ? ಕಪ್ಪು ನೇರಳೆ ಬಣ್ಣದ್ದು?”

ಅವರು ಕಣ್ಣು ಬಿಟ್ಟರು. “ಹೌದು. ಕೂರ್ಗ್ ಸ್ಪೆಷಲ್ ಅಂತ ಕೊಟ್ರು. ಚೆನ್ನಾಗಿತ್ತು, ಎರಡು ಬಟ್ಟಲು ತಿಂದೆ.”

“ಅದೇ ಸಾರ್ ಮದ್ದು ಸೊಪ್ಪು. ರಕ್ತ ಅಲ್ಲ, ಬಣ್ಣ. ನಾಳೆಗೆ ಸರಿ ಹೋಗ್ತದೆ. ಎಲ್ಲರಿಗೂ ಹಂಗೇ ಆಗ್ತದೆ, ಅದ್ರಿಂದ ಯಾರಿಗೂ ಏನೂ ಆಗಿಲ್ಲ. ಹೆದರ್ಬೇಡಿ. ನೀರು ಕುಡೀರಿ.”

ಅವರು ಗೋಡೆಗೆ ಒರಗಿ ಉಸಿರು ಬಿಟ್ಟರು. ಉಸಿರಿನ ಹಿಂದೆಯೇ ಸಿಟ್ಟು ಬಂತು. ವರಾಂಡವಿಡೀ ಕೇಳುವಂತೆ ಕೂಗಾಡಿದರು. “ಏನ್ ಜನ ರೀ! ಒಬ್ಬ ಮನುಷ್ಯನ ಹೊಟ್ಟೆಗೆ ಹೋಗೋ ವಸ್ತು ಅದು. ಹೀಗೆ ಹೀಗಾಗುತ್ತೆ ಅಂತ ಮೊದಲೇ ಹೇಳೋದು ಕೊಡೋನ ಕರ್ತವ್ಯ ಅಲ್ವಾ? ಹೇಳಿದ್ರೆ ತಿನ್ನೋದಾ ಬಿಡೋದಾ ನಾನು ನೋಡ್ಕೋತಿದ್ದೆ. ಇದು ನೆಗ್ಲಿಜೆನ್ಸ್! ಆ ಹೋಮ್‌ಸ್ಟೇಯವನ ಮೇಲೆ ಕೇಸ್ ಹಾಕ್ತೀನಿ!”

ಟೀ ಕುಡಿಯುತ್ತಿದ್ದ ಡಾಕ್ಟರ ಕೈ ಅರ್ಧದಲ್ಲಿ ನಿಂತಿತು. ಸಿಗರೇಟು ಮುಗಿಸಿ ಬರುತ್ತಿದ್ದ ಕುಟ್ಟಪ್ಪನವರು ಮೆಟ್ಟಿಲ ಮೇಲೆ ನಿಂತರು.

“ಹಾಕಿ ಸಾರ್,” ಎಂದೆ ನಾನು. “ಇದೇ ಆಫೀಸು. ಅರ್ಜಿ ನಾನೇ ಟೈಪ್ ಮಾಡಿಕೊಡ್ತೇನೆ.”

ಆಮೇಲೆ ಅವ್ವನ ಕಡೆ ತಿರುಗಿದೆ. “ಈಗ ಇವರಿಗೆ ಎಂತ ಹೇಳ್ದೆ ನೀನು?”

“ಏನೂ ಆಗಲ್ಲ ಅಂತ.”

“ಸುಳ್ಳು ಹೇಳ್ದ್ಯಾ?”

“ಇಲ್ಲಪ್ಪ. ಅದ್ರಿಂದ ಯಾರಿಗಾದ್ರೂ…” ಎಂದವಳು ಅಲ್ಲಿಗೇ ನಿಂತಳು. ನನ್ನ ಕೈ ನೋಡಿದಳು. ಮುಖ ತಿರುಗಿಸಲಿಲ್ಲ.

ಒಳಗೆ ಹೋದ ಮೇಲೆ ಕುಟ್ಟಪ್ಪನವರ ಸರದಿ. ಆ ವರ್ಷ ಪಾಯಸವನ್ನು ಮತ್ತೆ ಯಾರು ಯಾರು ತಿಂದಿದ್ದರು ಎಂದು ಕೇಳಿದರು. ಅವ್ವ ಈ ಸಲ ನೆಲ ನೋಡಲಿಲ್ಲ.

“ಲೈನಿನವರೆಲ್ಲ ತಿಂದಿದ್ರು ಸಾರ್. ಇನ್ನೂ ಇಬ್ರು ಬಸುರಿ ಇದ್ರು, ಅವರೂ ತಿಂದ್ರು. ಅವರ ಮಕ್ಕಳು ಚೆನ್ನಾಗಿದಾರೆ. ಎರಡೂ ಹೆಬ್ಬೆರಳು ಉಂಟು.”

ಆ ಇಬ್ಬರು ಮಕ್ಕಳಲ್ಲಿ ಒಬ್ಬ ಮಿಲನ್. ದೇವರು ಕೊಟ್ಟ ಆ ಎರಡೂ ಹೆಬ್ಬೆರಳನ್ನು ಅವನು ಮೊಬೈಲ್ ತಿಕ್ಕುವುದಕ್ಕೆ ಬಿಟ್ಟು ಬೇರೇನಕ್ಕೂ ಬಳಸಿದ್ದನ್ನು ನಾನು ಕಂಡಿಲ್ಲ.

“ಎಲ್ಲರೂ ತಿಂತಾರೆ ಮೇಡಂ,” ಎಂದಳು ಅವ್ವ ಅಧ್ಯಕ್ಷೆಗೆ. “ಈ ಸಾರೂ ತಿಂದಿದಾರೆ ನಿನ್ನೆ.”

ಅಧ್ಯಕ್ಷೆ ಕೀರ್ತಿಕುಮಾರರ ಕಡೆ ನೋಡಿದರು. ಅವರು ಕೈಯಲ್ಲಿದ್ದ ಕಾಗದ ನೋಡುತ್ತಾ, ಮುಂದೆ ತಮ್ಮ ಪ್ರಶ್ನೆಗಳೇನೂ ಇಲ್ಲ ಎಂದರು. ಹಿಂದೆ ಯಾರೋ ಕೆಮ್ಮಿದರು. ಅದು ನಗು ಎಂದು ಎಲ್ಲರಿಗೂ ಗೊತ್ತಾಯಿತು.

“ಮತ್ತೇನಾದರೂ ಹೇಳೋದಿದೆಯಾ ಅಮ್ಮ?” ಎಂದರು ಅಧ್ಯಕ್ಷೆ.

“ಒಂದುಂಟು ಮೇಡಂ.” ಅವ್ವ ಡಾಕ್ಟರ ಕಡೆ ಕೈ ತೋರಿಸಿದಳು. “ಬಸುರಿ ಅಂತ ಗೊತ್ತಾದ ಕೂಡ್ಲೆ ಮಾತ್ರೆ ಚೀಟಿ ಹಿಡ್ಕೊಂಡು ಇವರ ಹತ್ರ ಹೋಗಿದ್ದೆ. ಇನ್ನೂ ತಿನ್ಬಹುದಾ ಡಾಕ್ಟ್ರೆ ಅಂತ ಕೇಳಿದ್ದೆ. ತಲೆ ಎತ್ತದೇನೆ ತಿನ್ನು ಅಂದ್ರು. ಈಗ ಹೊರಗೆ ಈ ವಕೀಲ್ರು ನನ್ನ ಏನೂ ಕೇಳಿರಲಿಲ್ಲ. ಆದ್ರೂ ಹೆದರ್ಕೊಂಡಿದ್ರಲ್ಲ ಅಂತ ನಾನೇ ಹೋಗಿ ಹೇಳ್ದೆ. ನಾನು ಕೇಳಿದ್ದೆ ಮೇಡಂ. ಕೇಳಿದ್ರೂ ನಂಗೆ ಯಾರೂ ಹೇಳ್ಲಿಲ್ಲ.”

ಟೈಪಿಸ್ಟ್ ಹುಡುಗಿಯ ಬೆರಳುಗಳು ನಿಂತವು. ಅದನ್ನು ಬರೆದುಕೊಳ್ಳಿ ಎಂದರು ಅಧ್ಯಕ್ಷೆ.

ಆದೇಶ ಬಂದದ್ದು ಡಿಸೆಂಬರಿನಲ್ಲಿ, ನಮ್ಮ ಪರವಾಗಿ. ಕಂಪನಿ ಮೇಲ್ಮನವಿ ಹಾಕಿದೆ, ಕುಟ್ಟಪ್ಪನವರು ಇನ್ನಷ್ಟು ಸಿಗರೇಟು ಸೇದುತ್ತಿದ್ದಾರೆ. ದುಡ್ಡು ಬಂದಾಗ ಬರಲಿ. ನನ್ನ ಮಟ್ಟಿಗೆ ಕೇಸು ಮುಗಿದದ್ದು ಆ ಪಾಟೀ ಸವಾಲಿನ ಸಂಜೆ.

ಮನೆಗೆ ಬಂದಾಗ ಅಜ್ಜಿ ಒಲೆ ಮುಂದೆ ಕೂತು, ಹಿಂದಿನ ದಿನ ಉಳಿದ ಪಾಯಸವನ್ನು ದನಕ್ಕೆ ಹಾಕುವುದೋ ಬಿಡುವುದೋ ಎಂದು ಗೊಣಗುತ್ತಿದ್ದಳು. ಅವ್ವ ಕೊಡೆ ಮಡಚಿಟ್ಟು, ಕೈ ತೊಳೆದು, ಬಟ್ಟಲು ತಂದು ಅವಳ ಮುಂದೆ ಹಿಡಿದಳು. ಅಜ್ಜಿ ಬಟ್ಟಲು ನೋಡಿದಳು, ಅವ್ವನನ್ನು ನೋಡಿದಳು. ತುಂಬ ಬಡಿಸಿ ಮೇಲೆ ಜೇನು ಸುರಿದಳು. ಅವ್ವ ನಿಂತಲ್ಲೇ ತಿಂದಳು. ಆಮೇಲೆ ಬಟ್ಟಲನ್ನು ಇನ್ನೊಂದು ಸಲ ಮುಂದೆ ಹಿಡಿದಳು.

ಬೆಳಗ್ಗೆ ನಾನು ಇನ್ನೂ ಹಾಸಿಗೆಯಲ್ಲಿದ್ದೆ. ಹಿತ್ತಲಿನ ಕಕ್ಕಸಿನಿಂದ ಅವ್ವನ ದನಿ ಇಡೀ ಲೈನಿಗೆ ಕೇಳುವಂತೆ ಬಂತು.

“ಪ್ರಿಯಾ! ಏ ಪ್ರಿಯಾ! ಕೆಂಪಗೆ ಬಂತು ಕಣೇ!”

ಅದರ ಹಿಂದೆಯೇ ಅವಳ ನಗು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.